ಗುಂಡಿ ಬತ್ತಿಸುವುದು ಬೇಡ, ಗಾಳ ಹಿಡಿದು ಹೋಗೋಣ



ಬೇಸಿಗೆ ಶಿಬಿರದ ವಿಷಯ ಮಾತಾಡಲು ಕಳೆದ ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ನಮ್ಮ ಯುವ ಘಟಕದ ಸಭೆ ಸೇರಿತ್ತು. ಹಾಡು, ಕಿರುನಾಟಕ, ರಕ್ತದಾನ ಎಲ್ಲ ಹತ್ತೇ ನಿಮಿಷದಲ್ಲಿ ತೀರ್ಮಾನವಾಯಿತು. ಕೊನೆಯ ದಿನದ ಊಟದ ವಿಷಯಕ್ಕೆ ಮಾತ್ರ ಮುಕ್ಕಾಲು ಗಂಟೆ ಹಿಡಿಯಿತು. ಪ್ರತಿವರ್ಷ ಕೋಳಿಯೇ ಆಗುತ್ತದೆ, ಈ ಸಲ ತೋಡಿನ ಮೀನು ಮಾಡೋಣ ಎಂದು ಕೆಲವರು ಹೇಳಿದರು. ತೋಡು ಈಗ ಹರಿಯುತ್ತಿಲ್ಲ, ಕೆಳಗಿನ ದೊಡ್ಡ ಗುಂಡಿಯಲ್ಲಿ ಮಾತ್ರ ನೀರಿದೆ, ಮೀನೆಲ್ಲ ಅಲ್ಲಿಯೇ ಬಂದು ಸೇರಿದೆ. ಒಂದು ಪಂಪ್‌ಸೆಟ್ ಇಟ್ಟು ನೀರು ಹೊರಗೆ ಹಾಕಿದರೆ ಮಧ್ಯಾಹ್ನದೊಳಗೆ ಎರಡು ಬುಟ್ಟಿ ಮೀನು ಕೈಗೆ ಬರುತ್ತದೆ ಎಂಬುದು ಅವರ ಲೆಕ್ಕ. ಪಂಪ್‌ಸೆಟ್ ಸಿಗದಿದ್ದರೆ ಸ್ವಲ್ಪ ಪೌಡರ್ ಸಾಕು ಎಂದು ಹಿಂದಿನ ಬೆಂಚಿನಿಂದ ಒಂದು ಸ್ವರ ಬಂತು. ಕೆಲವರು ನಕ್ಕರು. ಫಾದರ್‌ಗೆ ಮದುವೆಯೊಂದಕ್ಕೆ ಹೋಗಲಿಕ್ಕಿತ್ತು, ಹಾಗಾಗಿ ತೀರ್ಮಾನ ಮುಂದಿನ ಸಭೆಗೆ ಹೋಯಿತು.

ಈ ಲೇಖನ ಆ ಮುಂದಿನ ಸಭೆಗಾಗಿ. ಗುಂಡಿ ಬತ್ತಿಸುವುದೂ ಬೇಡ, ಪೌಡರ್ ಹಾಕುವುದೂ ಬೇಡ ಎಂಬುದು ನನ್ನ ಅಭಿಪ್ರಾಯ. ಆದರೆ ತೋಡಿಗೆ ಹೋಗುವುದೇ ಬೇಡ ಎಂದು ನಾನು ಹೇಳುವುದಿಲ್ಲ. ಹೋಗಬೇಕು, ಗಾಳ ಹಿಡಿದು, ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಬೇಕು. ಇವೆರಡಕ್ಕೂ ಕಾರಣ ಒಂದೇ.

ಮೊದಲು ಗುಂಡಿಯ ವಿಷಯ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಒಂದೇ ಜಿಲ್ಲೆಯಲ್ಲಿವೆ. ಆದರೂ ಮಾರ್ಚ್ ಕಳೆಯುವಾಗ ನಮ್ಮ ತೋಡುಗಳು ಒಣಗುತ್ತವೆ, ಏಕೆಂದರೆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಗುಡ್ಡದಿಂದ ಸಮುದ್ರಕ್ಕೆ ಇಳಿದು ಹೋಗುತ್ತದೆ. ನಮ್ಮ ಹೊಳೆಗಳೂ ಗಿಡ್ಡ. ಮಂಜೇಶ್ವರ ಹೊಳೆಯ ಉದ್ದ ಬರೇ 16 ಕಿಲೋಮೀಟರ್. ಏಪ್ರಿಲ್ ಬಂತೆಂದರೆ ತೋಡು ಅಂದರೆ ತೋಡಲ್ಲ, ಒಣ ಕಲ್ಲುಗಳ ಮಧ್ಯೆ ಅಲ್ಲಲ್ಲಿ ಉಳಿದ ಗುಂಡಿಗಳು. ಎರಡು ಮೂರು ಕಿಲೋಮೀಟರ್ ಉದ್ದದ ತೋಡಿನಲ್ಲಿ ಬದುಕಿದ್ದ ಮೀನು, ಸಿಗಡಿ, ಏಡಿ, ಆಮೆ ಎಲ್ಲ ಆ ನಾಲ್ಕೈದು ಗುಂಡಿಗಳಿಗೆ ಬಂದು ಕುಳಿತಿರುತ್ತವೆ.

'ಮೀನೆಲ್ಲ ಅಲ್ಲಿಯೇ ಸೇರಿದೆ' ಎಂದು ಸಭೆಯಲ್ಲಿ ಹೇಳಿದ್ದು ಸರಿ. ಬೇಡ ಎನ್ನುವುದಕ್ಕೆ ನನ್ನ ಕಾರಣವೂ ಅದೇ. ಗದ್ದೆ ಇದ್ದ ಕಾಲದಲ್ಲಿ ಪ್ರತಿ ಮನೆಯ ಅಟ್ಟದಲ್ಲಿ ಬೀಜದ ಭತ್ತದ ಮುಡಿ ಇರುತ್ತಿತ್ತು. ಎಷ್ಟೇ ಹಸಿವಾದರೂ ಅದಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ಏಪ್ರಿಲ್ ಗುಂಡಿಯ ಮೀನು ಆ ಮುಡಿಯ ಹಾಗೆ. ಜೂನ್‌ನ ಮೊದಲ ಜೋರು ಮಳೆಗೆ ಗುಂಡಿಗಳು ಒಂದಕ್ಕೊಂದು ಸೇರಿ ತೋಡಾಗುತ್ತದೆ, ನೀರು ಗದ್ದೆಗೆ ಏರುತ್ತದೆ, ಮೀನುಗಳು ಹರಿವಿಗೆ ಎದುರಾಗಿ ಹತ್ತಿ ಗದ್ದೆ, ಕಣಿ, ತಗ್ಗುಗಳಲ್ಲಿ ಮೊಟ್ಟೆ ಇಡುತ್ತವೆ. ನಾವು ಉಬರ್ ಮೀನು ಎನ್ನುವುದು, ಮಲಯಾಳದವರು ಊತ್ತ ಎನ್ನುವುದು ಇದನ್ನೇ. ಏಪ್ರಿಲ್‌ನಲ್ಲಿ ಗುಂಡಿ ಬತ್ತಿಸಿದರೆ ಜೂನ್‌ನಲ್ಲಿ ಹತ್ತಲಿಕ್ಕೆ ಮೀನೇ ಇರುವುದಿಲ್ಲ. ಅರುವತ್ತು ಜನ ಒಂದು ಹೊತ್ತು ಊಟ ಮಾಡಿ ಕೈ ತೊಳೆಯುವಾಗ ಒಂದು ತೋಡಿನ ಬೀಜ ಮುಗಿದಿರುತ್ತದೆ.

ಇನ್ನು ಬಾವಿಗಳ ವಿಷಯ. ಆ ಗುಂಡಿಯ ಎರಡೂ ದಡದಲ್ಲಿ ನಮ್ಮದೇ ವಾಳೆಯ ಮನೆಗಳಿವೆ, ಬಾವಿಗಳಿವೆ. ನಮ್ಮ ಮುರಕಲ್ಲಿನ ನೆಲದಲ್ಲಿ ತೋಡಿನ ನೀರೂ ಪಕ್ಕದ ಬಾವಿಯ ನೀರೂ ಒಳಗಿಂದೊಳಗೆ ಸಂಬಂಧಿಕರು. ಹಾಗಾಗಿಯೇ ಹಿರಿಯರು ಡಿಸೆಂಬರ್ ಹೊತ್ತಿಗೆ ಕಲ್ಲು, ಮಣ್ಣು, ಅಡಕೆ ಮರ ಹಾಕಿ ಕಟ್ಟ ಕಟ್ಟುತ್ತಿದ್ದದ್ದು. ಏತಡ್ಕದ ಕಡೆ ಈಗಲೂ ಸಾಲಾಗಿ ಕಟ್ಟ ಕಟ್ಟುತ್ತಾರೆ, ನೋಡಲು ದೂರದಿಂದ ಜನ ಬರುತ್ತಾರೆ. ಒಂದು ಕಡೆ ನೀರು ನಿಲ್ಲಿಸಲು ಊರು ಸೇರಿ ದುಡಿಯುವುದು, ಇನ್ನೊಂದು ಕಡೆ ಇಗರ್ಜಿಯ ಯುವಕರು ಪಂಪ್‌ಸೆಟ್ ಇಟ್ಟು ನೀರು ಹೊರಗೆ ಚೆಲ್ಲುವುದು! ಮೇ ತಿಂಗಳಲ್ಲಿ ಟ್ಯಾಂಕರ್ ನೀರಿಗೆ ಕೊಡ ಹಿಡಿದು ನಿಲ್ಲುವವರ ಮುಂದೆ ಇದನ್ನು ಹೇಗೆ ಸಮರ್ಥಿಸುವುದು ಎಂದು ನನಗೆ ತಿಳಿಯುವುದಿಲ್ಲ.

ಪೌಡರ್ ವಿಷಯ ತಮಾಷೆಗೆ ಹೇಳಿದ್ದು ಇರಬಹುದು. ಆದರೆ ನಮ್ಮ ಸುತ್ತಮುತ್ತ ನಡೆಯುತ್ತಿರುವುದು ತಮಾಷೆಯಲ್ಲ, ಎಲ್ಲರಿಗೂ ಗೊತ್ತು. ಬಿಎಸ್ಸಿ ಓದಿದ ಅಭ್ಯಾಸದಿಂದ ನಾನೊಂದು ಲೆಕ್ಕ ಹಾಕಿದೆ. ನಮ್ಮ ಗುಂಡಿ ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲ, ಸರಾಸರಿ ಒಂದು ಮೀಟರ್ ಆಳ ಎಂದಿಟ್ಟುಕೊಳ್ಳಿ. ಒಟ್ಟು 60,000 ಲೀಟರ್ ನೀರು. ಆರೋಗ್ಯ ಇಲಾಖೆಯವರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗ 1,000 ಲೀಟರಿಗೆ ಎರಡೂವರೆ ಗ್ರಾಂ ಎಂದು ಅಳೆಯುತ್ತಾರೆ. ಆ ಲೆಕ್ಕದಲ್ಲಿ ಇಡೀ ಗುಂಡಿಗೆ 150 ಗ್ರಾಂ ಸಾಕು. ಮೀನು ಹಿಡಿಯಲು ಹೋಗುವವರು ಒಂದು ಕಿಲೋ ಪ್ಯಾಕೆಟ್ ಒಡೆದು ಪೂರ್ತಿ ಸುರಿಯುತ್ತಾರೆ, ಅಂದರೆ ಆರು ಪಟ್ಟಿಗಿಂತ ಹೆಚ್ಚು. ಕ್ಲೋರಿನ್ ಮೊದಲು ಸುಡುವುದು ಮೀನಿನ ಕಿವಿರನ್ನು. ಉಸಿರು ಕಟ್ಟಿ ಮೇಲೆ ಬಂದ ದೊಡ್ಡ ಮೀನುಗಳನ್ನು ಆರಿಸಿಕೊಳ್ಳುತ್ತಾರೆ. ಬೆರಳುದ್ದದ ಮರಿಗಳು, ಸಿಗಡಿ, ಗೊದಮೊಟ್ಟೆ, ನೀರಿನ ಹುಳಗಳು ತಳದಲ್ಲಿ ಬಿಳಿಚಿ ಬಿದ್ದಿರುತ್ತವೆ, ಅವನ್ನು ಯಾರೂ ಎಣಿಸುವುದಿಲ್ಲ. ಹರಿಯುವ ತೋಡಾದರೆ ವಿಷ ತೊಳೆದು ಹೋಗುತ್ತಿತ್ತು. ಏಪ್ರಿಲ್‌ನಲ್ಲಿ ನೀರು ನಿಂತಲ್ಲೇ ನಿಂತಿರುತ್ತದೆ. ಮೈಲುತುತ್ತು ಇನ್ನೂ ಕಷ್ಟ. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ನಮ್ಮೆಲ್ಲರ ಮನೆಯಲ್ಲೂ ಅದು ಇರುತ್ತದೆ. ಕ್ಲೋರಿನ್ ಕೆಲವು ದಿನಗಳಲ್ಲಿ ಹೋದೀತು, ತಾಮ್ರ ಹೋಗುವುದಿಲ್ಲ, ಕೆಸರಿನಲ್ಲಿ ಕುಳಿತುಕೊಳ್ಳುತ್ತದೆ.

ಇನ್‌ವರ್ಟರ್ ಮತ್ತು ಬ್ಯಾಟರಿ ತೆಗೆದುಕೊಂಡು ಹೋಗಿ ಕರೆಂಟ್ ಕೊಡುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒದ್ದೆ ಕಾಲಿನಲ್ಲಿ ನಿಂತು ನೀರಿಗೆ ಕರೆಂಟ್ ಬಿಡುವವನಿಗೆ ವಿಜ್ಞಾನ ಹೇಳುವುದಕ್ಕಿಂತ ಅವನ ಅಮ್ಮನಿಗೆ ಹೇಳುವುದು ಒಳ್ಳೆಯದು.

ನಮ್ಮ ಜಿಲ್ಲೆಯವರಿಗೆ ನೀರಿನ ವಿಷದ ಬಗ್ಗೆ ಹೊರಗಿನವರು ಬಂದು ಪಾಠ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಫಲ ಈಗಲೂ ನಮ್ಮ ಕಣ್ಣ ಮುಂದಿದೆ. ಸುಪ್ರೀಂ ಕೋರ್ಟ್ ಅದನ್ನು ದೇಶಕ್ಕೆಲ್ಲ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಎಣ್ಮಕಜೆ, ಪಡ್ರೆಯ ಕಡೆಯ ಹಿರಿಯರನ್ನು ಕೇಳಿ ನೋಡಿ: ಮನುಷ್ಯರ ಕಾಯಿಲೆ ಕಣ್ಣಿಗೆ ಕಾಣುವ ಮೊದಲು ಜೇನು ಹೋಯಿತು, ತೋಡಿನಲ್ಲಿ ಮೀನು, ಕಪ್ಪೆ ಸತ್ತು ತೇಲಿದವು ಎನ್ನುತ್ತಾರೆ. ಆ ಕುಟುಂಬಗಳಿಗಾಗಿ ಮೊಂಬತ್ತಿ ಹಿಡಿದು ನಡೆದವರು ನಮ್ಮಲ್ಲೂ ಇದ್ದಾರೆ. ಅದೇ ಕೈಯಲ್ಲಿ ಪೌಡರ್ ಪ್ಯಾಕೆಟ್ ಹಿಡಿಯಲು ಆಗುತ್ತದೆಯೇ?

ಇದಕ್ಕೆ ಒಬ್ಬರು ಕೊಟ್ಟ ಉತ್ತರ ನ್ಯಾಯವಾಗಿಯೇ ಇತ್ತು. ಹಿಂದಿನವರೂ ಕಾರೆಕಾಯಿ ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುತ್ತಿರಲಿಲ್ಲವೇ, ಗುಂಡಿಯ ನೀರು ಬುಟ್ಟಿಯಲ್ಲಿ ಎತ್ತಿ ಹಾಕುತ್ತಿರಲಿಲ್ಲವೇ ಎಂದು. ಹೌದು, ಮಾಡುತ್ತಿದ್ದರು. ನನ್ನ ಆಬ್ ಕೂಡ ಮಾಡಿದ್ದಾರೆಂದು ಮನೆಯಲ್ಲಿ ಹೇಳುತ್ತಾರೆ. ಆಗ ಗದ್ದೆಗಳು ಗದ್ದೆಗಳಾಗಿದ್ದವು, ಮೀನಿಗೆ ಹತ್ತಲು ಜಾಗವಿತ್ತು, ಒಂದು ಗುಂಡಿ ಹೋದರೆ ಮೇಲಿನ ಹತ್ತು ಗುಂಡಿ ಉಳಿಯುತ್ತಿತ್ತು. ಈಗ ಗದ್ದೆಗೆ ಮಣ್ಣು ತುಂಬಿಸಿ ಅಡಕೆ, ಮನೆ, ಆಡಿಟೋರಿಯಂ ಎದ್ದಿವೆ. ಹೊಳೆಯ ಮರಳು ಹೋಗಿದೆ. ಉಳಿದದ್ದು ಎಷ್ಟು ಎಂದು ನೋಡದೆ ಅಜ್ಜನ ಹೆಸರು ಹೇಳುವುದು ಸರಿಯಲ್ಲ. ಅದೂ ಅಲ್ಲದೆ ಅಜ್ಜನಿಂದ ಆ ಒಂದನ್ನು ಮಾತ್ರ ನಾವು ಕಲಿತದ್ದು ಹೇಗೆ? ಅವರಿಗೆ ಬೇರೆಯೂ ಗೊತ್ತಿತ್ತಲ್ಲ.

ಕಾನೂನಿನ ಮಾತೂ ಇರಲಿ. ವಿಷ ಮತ್ತು ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು ಬ್ರಿಟಿಷರ ಕಾಲದ 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧ ಎಂದಿತ್ತು. 2010ರ ಕೇರಳ ಒಳನಾಡು ಮೀನುಗಾರಿಕೆ ಕಾಯ್ದೆಯಲ್ಲಿ ಕರೆಂಟ್ ಹಾಕುವುದಕ್ಕೂ ನಿಷೇಧವಿದೆ. ಮೊದಲ ಮಳೆಗೆ ಹತ್ತುವ ಮೀನನ್ನು ಅಡ್ಡಕಟ್ಟಿ ಹಿಡಿದರೂ ಕೇಸು ಬೀಳುತ್ತದೆ. ಸಮುದ್ರದವರು ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲ್ ಬೋಟು ದಡಕ್ಕೆ ಕಟ್ಟಿ ಕುಳಿತುಕೊಳ್ಳುತ್ತಾರೆ. ಅವರಿಗೆ ಅದು ಹೊಟ್ಟೆಪಾಡು, ಸಾಲದ ಕಂತು. ನಮಗೆ ಇದು ಒಂದು ದಿನದ ಪಿಕ್ನಿಕ್.

ಈಗ ಗಾಳದ ವಿಷಯಕ್ಕೆ ಬರುತ್ತೇನೆ.

ನನ್ನ ಪಪ್ಪ 18 ವರ್ಷ ಮಸ್ಕತ್‌ನಲ್ಲಿ ಇದ್ದವರು. ನನ್ನ ಬಾಲ್ಯದಲ್ಲಿ ಪಪ್ಪ ಎಂದರೆ ಎರಡು ವರ್ಷಕ್ಕೊಮ್ಮೆ ಬರುವ ಸೂಟ್‌ಕೇಸು, ನಲವತ್ತು ದಿನದ ರಜೆ, ಆಮೇಲೆ ಫೋನ್. ಊರಿಗೆ ಬಂದು ನೆಲೆಸಿದ ಮೇಲೂ ನಮ್ಮಿಬ್ಬರಿಗೆ ಮಾತಾಡಲು ವಿಷಯ ಇರಲಿಲ್ಲ. ಕೆಲಸ ಸಿಕ್ಕಿತಾ, ಬೈಕಿಗೆ ಇನ್ಶೂರೆನ್ಸ್ ಕಟ್ಟಿದೆಯಾ, ಇಷ್ಟೇ. ಇದು ನಮ್ಮ ಮನೆಯದ್ದು ಮಾತ್ರವಲ್ಲ, ನಮ್ಮ ಇಗರ್ಜಿಯ ಅರ್ಧ ಮನೆಗಳದ್ದು ಎಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ. ಕಳೆದ ವರ್ಷ ಈಸ್ಟರ್ ಕಳೆದ ಮೇಲೆ ಒಂದು ಶನಿವಾರ ಮಧ್ಯಾಹ್ನ ಅವರು ಅಟ್ಟದಿಂದ ಹಳೆಯ ಬಿದಿರಿನ ಕೋಲು ಇಳಿಸಿ, "ಯೇ ಪುತಾ, ತೋಡಾಕ್ ವಚ್ಯಾಂ" ಎಂದರು. ಬಾ ಮಗಾ, ತೋಡಿಗೆ ಹೋಗೋಣ ಎಂದು. ನನಗೆ ಆಶ್ಚರ್ಯವಾಯಿತು, ಹೋದೆ.

ಬೇಸಿಗೆಯಲ್ಲಿ ಎರೆಹುಳು ಸಿಗುವುದು ಕಷ್ಟ. ನೆಲ ಒಣಗಿದರೆ ಹುಳು ಆಳಕ್ಕೆ ಹೋಗುತ್ತದೆ. ಪಪ್ಪ ನೇರ ಬಚ್ಚಲ ನೀರು ಹೋಗುವ ಬಾಳೆಬುಡಕ್ಕೆ ಹೋಗಿ ಎರಡು ಹಾರೆ ಅಗೆದು ಗೆರಟೆ ತುಂಬಾ ಹುಳು ತೆಗೆದರು, ಮೇಲೆ ಒದ್ದೆ ಮಣ್ಣು ಹಾಕಿದರು. ಹಳೆಯ ಹವಾಯಿ ಚಪ್ಪಲಿಯ ಒಂದು ತುಂಡು ಕತ್ತರಿಸಿ ನೈಲಾನ್ ನೂಲಿಗೆ ಸಿಕ್ಕಿಸಿದರು; ಅದು ತೇಲುತ್ತಿರಬೇಕು, ಮುಳುಗಿದರೆ ಮೀನು ಕಚ್ಚಿದೆ ಎಂದು ಅರ್ಥ. ಒಟ್ಟು ಖರ್ಚು ಗಾಳಕ್ಕೆ ಕೊಟ್ಟ ಕೆಲವು ರೂಪಾಯಿ.

ಗುಂಡಿಯ ಹತ್ತಿರ ಹೋದ ಮೇಲೆ ಅವರು ಕೂಡಲೇ ಗಾಳ ಹಾಕಲಿಲ್ಲ. ಸೂರ್ಯ ಯಾವ ಕಡೆ ಇದ್ದಾನೆಂದು ನೋಡಿ, ನಮ್ಮ ನೆರಳು ನೀರಿನ ಮೇಲೆ ಬೀಳದ ಹಾಗೆ ಕುಳಿತುಕೊಳ್ಳಲು ಹೇಳಿದರು. ಕೋಲಿನಿಂದ ನೀರಿನ ಆಳ ಅಲ್ಲಲ್ಲಿ ಮುಟ್ಟಿ ನೋಡಿದರು. ಒಂದು ಕಡೆ ಕೋಲು ಪೂರ್ತಿ ಹೋಯಿತು. "ನಾನು ಇರುವಾಗ ಇಲ್ಲಿ ಸೊಂಟದಷ್ಟು ನೀರು. ಮರಳು ತೆಗೆದಿದ್ದಾರೆ. ಈಗ ನನಗೂ ಗೊತ್ತಿಲ್ಲದ ಗುಂಡಿ ಇದು" ಎಂದರು. ಪ್ರತಿ ಮೇ ತಿಂಗಳು ಈಜಲು ಹೋದ ಹುಡುಗರ ಸುದ್ದಿ ಪೇಪರಿನಲ್ಲಿ ಓದುತ್ತೇವಲ್ಲ, ಅವರಲ್ಲಿ ಹೆಚ್ಚಿನವರಿಗೆ ಈ ರೀತಿ ಮೊದಲು ಕೋಲು ಹಾಕಿ ನೋಡಿ ತೋರಿಸುವವರು ಯಾರೂ ಜೊತೆಗಿರುವುದಿಲ್ಲ.

ಮೊದಲ ಅರ್ಧ ಗಂಟೆ ಏನೂ ಸಿಗಲಿಲ್ಲ. ನಾನು ಎರಡು ಸಲ ಮೊಬೈಲ್ ತೆಗೆದೆ, ಅಲ್ಲಿ ರೇಂಜ್ ಇಲ್ಲ. ಆಮೇಲೆ ಪಕ್ಕೆ ಮೀನು ಒಂದೊಂದಾಗಿ ಬರತೊಡಗಿತು, ಒಂದು ಮುಗುಡು ಬಂತು. ಮುಗುಡಿನ ಮುಳ್ಳು ತಾಗದ ಹಾಗೆ ತಲೆಯ ಹಿಂದೆ ಹೇಗೆ ಹಿಡಿಯಬೇಕೆಂದು ಪಪ್ಪ ತೋರಿಸಿದರು. ನೀರಿನ ಇನ್ನೊಂದು ಬದಿಯಲ್ಲಿ ಕೆಂಪಗಿನ ಒಂದು ಮುದ್ದೆ ಮೇಲೆ ಕೆಳಗೆ ಆಡುತ್ತಿತ್ತು. ವರಾಲ್ ಮೀನಿನ ಮರಿಗಳು. ನೂರಾರು ಮರಿಗಳು ಒಟ್ಟಾಗಿ ಚೆಂಡಿನ ಹಾಗೆ ತಿರುಗುತ್ತವೆ, ಅಡಿಯಲ್ಲಿ ತಂದೆ ತಾಯಿ ಮೀನು ಕಾವಲು ಇರುತ್ತವೆ. ನಾನು ಪ್ರಾಣಿಶಾಸ್ತ್ರದ ಪರೀಕ್ಷೆಯಲ್ಲಿ ಮೀನುಗಳ ಮರಿ ಪಾಲನೆ ಎಂದು ಐದು ಅಂಕದ ಪ್ರಶ್ನೆಗೆ ಇದನ್ನೇ ಬರೆದಿದ್ದೆ. ಕಣ್ಣಾರೆ ಕಂಡದ್ದು ಆ ದಿನ. ಅಲ್ಲಿಗೆ ಗಾಳ ಹಾಕಿದರೆ ದೊಡ್ಡ ಮೀನು ಖಂಡಿತ ಸಿಗುತ್ತಿತ್ತು, ಮರಿಗಳ ಹತ್ತಿರ ಏನು ಬಂದರೂ ಅದು ಹಾರಿ ಕಚ್ಚುತ್ತದೆ. ಪಪ್ಪ ಕೋಲು ಎತ್ತಿಕೊಂಡು ಈಚೆ ಬದಿಗೆ ಬಂದು ಕುಳಿತರು. "ಅದನ್ನು ತೆಗೆದರೆ ಇಷ್ಟನ್ನೂ ಬೇರೆ ಮೀನು ತಿಂದು ಮುಗಿಸುತ್ತದೆ" ಎಂದರು, ಅಷ್ಟೇ. ಹಕ್ಕಿಯ ಗೂಡಿನಲ್ಲಿ ಮರಿಗಳ ಜೊತೆ ತಾಯಿಯನ್ನು ಹಿಡಿಯಬಾರದೆಂದು ಧರ್ಮೋಪದೇಶ ಕಾಂಡದ 22ನೇ ಅಧ್ಯಾಯದಲ್ಲಿ ಒಂದು ನಿಯಮವಿದೆ. ಬೈಬಲ್ ಕ್ವಿಜ್‌ಗೆ ನಾವೆಲ್ಲ ಓದಿದ್ದೇವೆ. ಪಪ್ಪ ಆ ಅಧ್ಯಾಯವನ್ನು ಮನಸ್ಸಿನಲ್ಲಿಟ್ಟು ಹಾಗೆ ಮಾಡಿದರೆಂದು ನನಗೆ ಅನಿಸುವುದಿಲ್ಲ. ಅವರ ಅಪ್ಪ ಮಾಡುತ್ತಿದ್ದರು, ಇವರು ಮಾಡಿದರು.

ಐದೂವರೆ ಆಗುವಾಗ ಹನ್ನೊಂದು ಮೀನು ಇತ್ತು. ಆಗಲೇ ಮೀನು ಚೆನ್ನಾಗಿ ಕಚ್ಚತೊಡಗಿದ್ದು. ನಾನು ಇನ್ನೊಂದು ಹುಳ ಸಿಕ್ಕಿಸುತ್ತಿದ್ದೆ. ಪಪ್ಪ "ಪುರೊ" ಎಂದರು. ಸಾಕು. ನಾವು ಮೂರು ಜನ, ಒಂದು ಹೊತ್ತಿಗೆ ಇಷ್ಟು ಸಾಕು ಎಂದು ನೂಲು ಸುತ್ತಿದರು. ಉಳಿದ ಹುಳುಗಳನ್ನು ದಡದ ಒದ್ದೆ ಮಣ್ಣಿಗೆ ಬಿಟ್ಟರು.

ನಾನು ಸಭೆಯ ಮುಂದೆ ಇಡಲು ಬಯಸುವುದು ಈ 'ಪುರೊ' ಎಂಬ ಮಾತನ್ನೇ. ಪಂಪ್‌ಸೆಟ್ಟಿಗೆ ಸಾಕು ಎಂದು ಗೊತ್ತಿಲ್ಲ, ನೀರು ಮುಗಿದ ಮೇಲೆ ಅದು ನಿಲ್ಲುತ್ತದೆ. ಪೌಡರಿಗೂ ಗೊತ್ತಿಲ್ಲ. ಗಾಳ ಒಂದು ಸಲಕ್ಕೆ ಒಂದು ಮೀನು ಕೊಡುತ್ತದೆ, ಪ್ರತಿ ಮೀನಿನ ನಂತರ ಮುಂದುವರಿಯಬೇಕೋ ಬೇಡವೋ ಎಂದು ನಾವು ಯೋಚಿಸಬೇಕಾಗುತ್ತದೆ. ಸುವಾರ್ತೆಯಲ್ಲಿ ಬಲೆಗಳ ಕಥೆ ಎಷ್ಟೋ ಇವೆ. ಪೇತ್ರ ಗಾಳ ಹಾಕಿದ್ದು ಒಂದೇ ಕಡೆ, ಮತ್ತಾಯನ 17ನೇ ಅಧ್ಯಾಯದ ಕೊನೆಯಲ್ಲಿ. ಅಲ್ಲಿಯೂ ಅವನಿಗೆ ಹೇಳಿದ್ದು ಮೊದಲು ಸಿಕ್ಕಿದ ಒಂದು ಮೀನನ್ನು ತೆಗೆಯಲು. ತೆರಿಗೆಗೆ ಬೇಕಾದಷ್ಟು ಅದರ ಬಾಯಲ್ಲಿತ್ತು. (ನಮ್ಮ ಮುಗುಡಿನ ಬಾಯಲ್ಲಿ ಏನೂ ಇರಲಿಲ್ಲ, ನೋಡಿದೆ.)

ಆ ಎರಡೂವರೆ ಗಂಟೆಯಲ್ಲಿ ಪಪ್ಪ ಮಸ್ಕತ್ ಬಗ್ಗೆ ಮಾತಾಡಿದರು. ಮೊದಲ ವರ್ಷ ಎಂಟು ಜನರ ಕೋಣೆಯಲ್ಲಿ ಇದ್ದದ್ದು, ಆಬ್ ತೀರಿಕೊಂಡಾಗ ರಜೆ ಸಿಗದೆ ಅಂತ್ಯಕ್ರಿಯೆಗೆ ಬರಲಾಗದ್ದು. ಆ ರಾತ್ರಿ ಕೆಲಸ ಮುಗಿಸಿ ಸಮುದ್ರದ ಬದಿಗೆ ಹೋಗಿ ಒಬ್ಬ ಬಾಂಗ್ಲಾದವನ ಹತ್ತಿರ ಗಾಳ ಕೇಳಿ ತೆಗೆದುಕೊಂಡು ಬೆಳಗಿನವರೆಗೆ ಕುಳಿತಿದ್ದರಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಮನೆಯ ಹಾಲ್‌ನಲ್ಲಿ ಎದುರುಬದುರು ಕುಳಿತು ಅವರು ಇದನ್ನು ಹೇಳುತ್ತಿದ್ದರೆಂದು ನನಗೆ ಅನಿಸುವುದಿಲ್ಲ. ಇಬ್ಬರೂ ನೀರನ್ನೇ ನೋಡುತ್ತಾ ಪಕ್ಕಪಕ್ಕದಲ್ಲಿ ಕುಳಿತಾಗ ಮಾತು ಸುಲಭವಾಗಿ ಬರುತ್ತದೆ. ನಮ್ಮ ಶಿಬಿರದಲ್ಲಿ 'ಹೆತ್ತವರು ಮತ್ತು ಮಕ್ಕಳ ಸಂಬಂಧ' ಎಂದು ಪ್ರತಿವರ್ಷ ಒಂದು ಗಂಟೆಯ ಕ್ಲಾಸ್ ಇರುತ್ತದೆ, ಪ್ರೊಜೆಕ್ಟರ್ ಸಹಿತ. ಆ ಕ್ಲಾಸ್ ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಇದೂ ಇರಲಿ.

ಹುಡುಗಿಯರು ಕೇಳಬಹುದು, ಇದು ಗಂಡುಮಕ್ಕಳ ವಿಷಯವೇ ಎಂದು. ಖಂಡಿತ ಅಲ್ಲ. ಮೀನು ತಂದು ಕೊಟ್ಟಾಗ ನಮ್ಮ ಮಮ್ಮಿ ನಗುತ್ತಾ, ಹನ್ನೊಂದಕ್ಕೆ ಇಬ್ಬರು ಬೇಕಿತ್ತಾ ಎಂದು ಕೇಳಿದರು. ಅವರು ಚಿಕ್ಕವರಿರುವಾಗ ಅಕ್ಕ ತಂಗಿಯರು ಇಬ್ಬರು ಬೈರಾಸಿನ ಎರಡು ತುದಿ ಹಿಡಿದು ತೋಡಿನಲ್ಲಿ ಸಣ್ಣ ಮೀನು ಸೋಸುತ್ತಿದ್ದರು. ಮೊಗ್ರಾಲ್ ಹೊಳೆಯ ಬದಿಯ ಅವರ ಅಜ್ಜಿ ಇಳಿತದ ಹೊತ್ತಿಗೆ ಮೊಣಕಾಲು ನೀರಿನಲ್ಲಿ ನಿಂತು ಕಾಲಿನಿಂದಲೇ ಮರುವಾಯಿ ಹುಡುಕುತ್ತಿದ್ದರು. ನೀರು ಯಾವಾಗ ಇಳಿಯುತ್ತದೆ, ಯಾವ ತಿಥಿಗೆ ಎಷ್ಟು ಎಂದು ಆ ಅಜ್ಜಿಗೆ ಬಾಯಿಪಾಠ. ಇದನ್ನು ಯಾರೂ ಬರೆದಿಟ್ಟಿಲ್ಲ. ನಮ್ಮ ಅಮ್ಮಂದಿರ ತಲೆಮಾರಿಗೆ ಅರ್ಧ ಬಂದಿದೆ, ನಮಗೆ ಬಂದದ್ದು ಏನೂ ಇಲ್ಲ ಎಂದೇ ಹೇಳಬೇಕು. ಮೀನು ಕಡಿಮೆಯಾಗುವುದಕ್ಕಿಂತ ಬೇಗ ಕಡಿಮೆಯಾಗುತ್ತಿರುವುದು ಮೀನಿನ ಹೆಸರು ಗೊತ್ತಿರುವವರು. ಚಂದ್ರಗಿರಿ ಹೊಳೆಯಲ್ಲಿ ಇರುವ, ಮೈಯಲ್ಲಿ ಕೆಂಪು ಗೆರೆಯ ಪುಟ್ಟ ಮೀನೊಂದನ್ನು 'ಮಿಸ್ ಕೇರಳ' ಎಂದು ವಿದೇಶದವರು ಅಕ್ವೇರಿಯಂನಲ್ಲಿ ಸಾಕುತ್ತಾರೆ, ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ನಮ್ಮ ಘಟಕದಲ್ಲಿ ಅದನ್ನು ನೋಡಿದವರು ಎಷ್ಟು ಜನ ಎಂದು ಕೈ ಎತ್ತಿಸಿ ನೋಡಬಹುದು.

ಅಪ್ಪ ಗಲ್ಫ್‌ನಲ್ಲಿ ಇರುವವರು, ಅಪ್ಪ ಇಲ್ಲದವರು ನಮ್ಮಲ್ಲಿ ಬಹಳ ಜನ. ಅವರನ್ನು ಬಿಟ್ಟು ಈ ಕಾರ್ಯಕ್ರಮ ಮಾಡಬಾರದು. ಬಾಪ್ಪು ಆಗಬಹುದು, ಮಾಮ್ ಆಗಬಹುದು, ಅಜ್ಜಿ ಆಗಬಹುದು, ವಾಳೆಯ ಗುರ್ಕಾರರು ಆಗಬಹುದು. ಮನೆಯಲ್ಲಿ ಯಾರಿಗೂ ಗಾಳ ಹಾಕಲು ಬಾರದಿದ್ದರೆ ನನ್ನ ಪಪ್ಪ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಲು ಒಪ್ಪಿದ್ದಾರೆ, ಕೇಳಿಯೇ ಬರೆಯುತ್ತಿದ್ದೇನೆ.

ಹೆತ್ತವರ ಭಯವೂ ನನಗೆ ಅರ್ಥವಾಗುತ್ತದೆ. ನೀರಿನ ಹತ್ತಿರ ಮಕ್ಕಳನ್ನು ಕಳುಹಿಸುವುದು ಯಾರಿಗೂ ಇಷ್ಟವಿಲ್ಲ. ಅದಕ್ಕಾಗಿಯೇ ಕಳುಹಿಸಬೇಡಿ, ನೀವೇ ಜೊತೆಗೆ ಬನ್ನಿ ಎನ್ನುತ್ತಿದ್ದೇನೆ. ಗುಂಪಾಗಿ ಮೂವತ್ತು ಮಕ್ಕಳು ಹೋಗುವುದು ಬೇಡವೇ ಬೇಡ. ಒಬ್ಬ ಹಿರಿಯ, ಒಬ್ಬರೋ ಇಬ್ಬರೋ ಮಕ್ಕಳು. ದಡದಲ್ಲಿ ಕುಳಿತೇ ಗಾಳ ಹಾಕಬಹುದು, ನೀರಿಗೆ ಇಳಿಯುವ ಅಗತ್ಯವೇ ಇಲ್ಲ. ಮೋಡ ಗುಡುಗಿದರೆ ಎದ್ದು ಬರುವುದು. ಮೇ ಕೊನೆಯ ಮಳೆ ಬಿದ್ದ ಮೇಲೆ ಹೋಗುವುದೇ ಬೇಡ. ಮೇಲೆ ಗುಡ್ಡದಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿರುವಾಗಲೇ ಕೆಂಪು ನೀರು ಬರುತ್ತದೆ. ಅದು ಹೇಗಿದ್ದರೂ ಮೀನು ಹತ್ತುವ ಕಾಲ, ಆಗ ಗಾಳಕ್ಕೂ ರಜೆ.

ಮುಂದಿನ ಭಾನುವಾರ ಸಭೆಯಲ್ಲಿ ನಾನು ಹೇಳುವುದು ಇಷ್ಟು. ಕೊನೆಯ ದಿನದ ಊಟಕ್ಕೆ ಕೋಳಿಯೇ ಇರಲಿ, ಇಲ್ಲವೇ ಬಂದರಿನಿಂದ ಬಂಗುಡೆ ತರೋಣ. ಲೆಕ್ಕ ಹಾಕಿದ್ದೇನೆ, ಪಂಪ್‌ಸೆಟ್ ಬಾಡಿಗೆ ಮತ್ತು ಡೀಸೆಲ್‌ಗೆ ಹೋಗುವ ಹಣ ಅದಕ್ಕೆ ಸೇರಿದರೆ ಹೆಚ್ಚು ಕೊರತೆ ಬೀಳುವುದಿಲ್ಲ. ಶಿಬಿರದ ಎರಡನೇ ದಿನ ಮಧ್ಯಾಹ್ನ ಮೂರರ ನಂತರ ಯಾವ ಕಾರ್ಯಕ್ರಮವನ್ನೂ ಇಡುವುದು ಬೇಡ, ಪ್ರತಿ ಮನೆಯವರು ಅವರವರ ಹತ್ತಿರದ ತೋಡಿಗೋ ಹೊಳೆಬದಿಗೋ ಹೋಗಲಿ. ಒಂದು ಮನೆಗೆ ಒಂದೇ ಕೋಲು. ಮರಿಗಳಿರುವ ಕಡೆ, ಹೊಟ್ಟೆಯಲ್ಲಿ ಮೊಟ್ಟೆ ತುಂಬಿರುವ ಮೀನು ಸಿಕ್ಕಿದರೆ, ವಾಪಸ್ ಬಿಡುವುದು. ಸಿಕ್ಕಿದ್ದನ್ನು ಮನೆಯಲ್ಲಿ ಬಾಫತ್ ಪುಡಿ ಹಾಕಿ ಹುರಿದು ತಿನ್ನುವುದು, ವಾಟ್ಸಾಪ್‌ನಲ್ಲಿ ಮೀನಿನ ತೂಕದ ಸ್ಪರ್ಧೆ ಬೇಡ. ಮರುದಿನ ಬೆಳಿಗ್ಗೆ ಪ್ರತಿಯೊಬ್ಬರೂ ತಮ್ಮ ಅಪ್ಪ ಅಮ್ಮನಿಂದ ಕೇಳಿದ ಮೀನಿನ ಹೆಸರುಗಳನ್ನು ಕೊಂಕಣಿ, ತುಳು, ಮಲಯಾಳ, ಕನ್ನಡ ಯಾವ ಭಾಷೆಯಲ್ಲಿ ಸಿಗುತ್ತದೋ ಆ ಭಾಷೆಯಲ್ಲಿ ಬರೆದು ತರಲಿ, ನಾವು ಒಂದು ದೊಡ್ಡ ಚಾರ್ಟ್ ಮಾಡಿ ಹಾಲ್‌ನಲ್ಲಿ ಹಾಕೋಣ. ಅದರ ಕೆಲಸ ನನಗೆ ಬಿಡಿ.

ಪಂಪ್‌ಸೆಟ್ ಪಕ್ಷದ ಗೆಳೆಯರೇ, ನಿಮ್ಮ ಮಾತು ಕೇಳಲು ನಾನು ತಯಾರು. ನಿಮ್ಮಲ್ಲಿ ಇಬ್ಬರು ನನಗಿಂತ ಚೆನ್ನಾಗಿ ಈ ತೋಡನ್ನು ಬಲ್ಲವರು. ಯಾವ ಗುಂಡಿಯಲ್ಲಿ ಎಷ್ಟು ನೀರು ಉಳಿದಿದೆ, ಎಲ್ಲಿ ಮರಳು ತೆಗೆದಿದ್ದಾರೆ ಎಂದು ಒಂದು ನಕ್ಷೆ ಬರೆದು ಕೊಡಲು ನಿಮ್ಮಿಂದಲೇ ಆಗಬೇಕು, ಸಣ್ಣ ಮಕ್ಕಳಿರುವ ಮನೆಗಳಿಗೆ ಅದು ಮೊದಲು ಬೇಕು. ಕುಂಬಳೆ ಪೇಟೆಯಿಂದ ಮೂರು ಡಜನ್ ಸಣ್ಣ ಗಾಳ ತಂದಿಟ್ಟಿದ್ದೇನೆ. ಬೇಕಾದವರು ಭಾನುವಾರ ಎರಡನೇ ಪೂಜೆಯ ನಂತರ ಸಭಾಂಗಣದ ಬಾಗಿಲ ಹತ್ತಿರ ಸಿಕ್ಕಿರಿ. ಎರೆಹುಳು ನೀವೇ ಅಗೆದುಕೊಳ್ಳಬೇಕು.